ಬಟ್ಟೆ ತೊಡುವುದು ಕಡ್ಡಾಯವಲ್ಲದ ರೆಸಾರ್ಟಿಗೆ ಕರೆದಿದ್ದಾರೆ, ಹೇಗೆ ಹೋಗಲಿ?

ಪ್ರಶ್ನೆ: ನಾವು ಬ್ಯಾಡಗಿಯವರು. ನಮ್ಮ ಮನೆಯವರದು ಮೆಣಸಿನಕಾಯಿ ವ್ಯಾಪಾರ. ಹ್ಯಾಂಬರ್ಗಿನ ಖರೀದಿದಾರರೊಬ್ಬರ ಜೊತೆ ಒಂಬತ್ತು ವರ್ಷಗಳ ವ್ಯವಹಾರವಿದೆ. ಆ ದಂಪತಿ ಎರಡು ಸಲ ನಮ್ಮ ಮನೆಗೆ ಬಂದು ರೊಟ್ಟಿ ಊಟ ಮಾಡಿ ಹೋಗಿದ್ದಾರೆ, ಬಹಳ ಒಳ್ಳೆಯ ಜನ. ಕ್ರೊಯೇಷಿಯಾದ ಸಮುದ್ರ ತೀರದಲ್ಲಿ ಪ್ರತಿ ಬೇಸಿಗೆ ತಾವು ಉಳಿಯುವ ರೆಸಾರ್ಟಿಗೆ ಈ ಜೂನ್‌ನಲ್ಲಿ ನಮ್ಮನ್ನೂ, ಹದಿನಾರು ವರ್ಷದ ಮಗಳನ್ನೂ ಒಂದು ವಾರ ಕರೆದಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದಾಗ ಅದು ಬಟ್ಟೆ ಹಾಕಿಕೊಳ್ಳುವುದು ಕಡ್ಡಾಯವಲ್ಲದ ಜಾಗ ಎಂದು ತಿಳಿದು ಎದೆ ಧಸಕ್ಕೆಂದಿತು. ಮನೆಯವರು ‘ಅಲ್ಲಿಗೆ ಹೋದ ಮೇಲೆ ನೋಡೋಣ’ ಎನ್ನುತ್ತಾರೆ. ಗೇಟಿನಲ್ಲೇ ಬಟ್ಟೆ ತೆಗೆಯಬೇಕಾಗುತ್ತದೆಯೇ? ನಾನು ಚೂಡಿದಾರದಲ್ಲೇ ಇದ್ದರೆ ಅವಮಾನ ಮಾಡಿದಂತೆ ಆಗುತ್ತದೆಯೇ? ಕಣ್ಣು ಎಲ್ಲಿಡಬೇಕು? ಯಾರಾದರೂ ಫೋಟೊ ತೆಗೆದರೆ? ತಾಳಿ ತೆಗೆಯಬೇಕೆ? ನನಗೆ 43 ವರ್ಷ, ಹೊಟ್ಟೆಯ ಮೇಲೆ ಸಿಸೇರಿಯನ್ ಗುರುತಿದೆ. ಬೇಡವೆಂದರೆ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗೇಟು, ತಾಳಿ, ಫೋಟೊ ಎಂದು ನೀವು ಕೇಳಿದ್ದಕ್ಕೆಲ್ಲ ಉತ್ತರವಿದೆ, ಒಂದೊಂದಾಗಿ ಹೇಳುತ್ತೇನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಮನೆಯವರ ‘ಹೋದ ಮೇಲೆ ನೋಡೋಣ’ ಎಂಬ ಮಾತು. ಹುಬ್ಬಳ್ಳಿಯಲ್ಲಿ ಪ್ರವಾಸ ಕಚೇರಿ ನಡೆಸಿಕೊಂಡು ಇಪ್ಪತ್ತೆರಡು ವರ್ಷಗಳಿಂದ ನಮ್ಮ ಭಾಗದ ಜನರನ್ನು ಯುರೋಪಿಗೆ ಕರೆದೊಯ್ಯುತ್ತಿದ್ದೇನೆ. ಇಂತಹ ಜಾಗಗಳಲ್ಲಿ ನಮ್ಮವರು ನೊಂದುಕೊಂಡದ್ದನ್ನು ನಾನು ಕಂಡಿದ್ದೇನೆ. ಅಲ್ಲಿನ ಜನರ ಕೆಟ್ಟತನದಿಂದ ಹಾಗಾದದ್ದು ಒಮ್ಮೆಯೂ ಇಲ್ಲ. ಮನೆಯಲ್ಲಿ ಆಡಬೇಕಾದ ಮಾತನ್ನು ಗೇಟಿನವರೆಗೆ ಹೊತ್ತುಕೊಂಡು ಹೋದದ್ದೇ ಪ್ರತಿ ಸಲದ ಕಾರಣ.

ಮೊದಲ ಸಲ ಆ ತಪ್ಪು ಮಾಡಿದವಳು ನಾನೇ. ಗದಗ ಮತ್ತು ಹಾವೇರಿಯ ಹದಿನಾಲ್ಕು ಜನರ ಗುಂಪನ್ನು ಜರ್ಮನಿಯ ಒಂದು ಸ್ನಾನಗೃಹಕ್ಕೆ ಕರೆದೊಯ್ದಿದ್ದೆ. ಬಿಸಿನೀರಿನ ಕೊಳದಲ್ಲಿ ಎಲ್ಲರೂ ಈಜುಡುಗೆಯಲ್ಲೇ ಇದ್ದರು, ತೊಂದರೆಯಾಗಲಿಲ್ಲ. ಪಕ್ಕದಲ್ಲಿ ಸೌನಾ, ಅಂದರೆ ಬಿಸಿ ಕೋಣೆಯಲ್ಲಿ ಕುಳಿತು ಬೆವರುವ ವಿಭಾಗ. ಅದರ ಬಾಗಿಲು ದಾಟುತ್ತಲೇ ಕೆಲಸದವರೊಬ್ಬರು ಬಂದು ನಮ್ಮ ಈಜುಡುಗೆ ತೋರಿಸಿ ತಲೆಯಾಡಿಸಿದರು. ಅಲ್ಲಿ ಬಟ್ಟೆಗೆ ಅವಕಾಶವೇ ಇಲ್ಲ, ಹೆಣ್ಣು ಗಂಡು ಬೇರೆಯೂ ಅಲ್ಲ. ನಾನು ಮೊದಲೇ ಕೇಳಿ ತಿಳಿದುಕೊಂಡಿರಲಿಲ್ಲ. ನಮ್ಮ ಇಬ್ಬರು ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಟವೆಲ್ ಹೊದ್ದು ಅರ್ಧ ಗಂಟೆ ಅತ್ತರು. ಆ ದಿನದಿಂದ ಯಾವ ಕೊಳ, ಯಾವ ತೀರ, ಯಾವ ರೆಸಾರ್ಟ್ ಆಗಲಿ, ಅಲ್ಲಿನ ನಿಯಮವನ್ನು ಬರಹದಲ್ಲಿ ತರಿಸಿಕೊಳ್ಳದೆ ನಾನು ಬುಕ್ಕಿಂಗ್ ಮಾಡಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ದೊಡ್ಡ ಭಯಕ್ಕೆ ಬರುತ್ತೇನೆ. ಅದು ಚಟದ ಜಾಗವಿರಬಹುದು, ಆ ದಂಪತಿಯ ಮನಸ್ಸಿನಲ್ಲಿ ಬೇರೇನೋ ಇರಬಹುದು ಎಂಬ ಅನುಮಾನವನ್ನು ನೀವು ಬರೆದಿಲ್ಲ, ಆದರೂ ಅದು ಕಾಣಿಸುತ್ತದೆ. ಹದಿನಾರರ ಹುಡುಗಿಯನ್ನೂ ಕರೆದಿದ್ದಾರೆ ಎನ್ನುವುದು ಇದು ಕುಟುಂಬಗಳು ಹೋಗುವ ಜಾಗ ಇರಬೇಕು ಎಂದು ಸೂಚಿಸುತ್ತದೆ, ಖಚಿತಪಡಿಸಿಕೊಳ್ಳುವ ಬಗೆಯನ್ನು ಮುಂದೆ ಹೇಳುತ್ತೇನೆ. ಜರ್ಮನಿಯಲ್ಲಿ ಈ ರೂಢಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಆರೋಗ್ಯದ ಚಿಂತೆಯಿಂದ. ಕಲ್ಲಿದ್ದಲ ಹೊಗೆಯ ಕಾರ್ಖಾನೆ ಪಟ್ಟಣಗಳಲ್ಲಿ ಬಿಸಿಲು ಕಾಣದ ಮಕ್ಕಳಿಗೆ ಮೂಳೆ ಸೊಟ್ಟಗಾಗುತ್ತಿತ್ತು, ಕ್ಷಯ ಮನೆ ಮನೆಯಲ್ಲಿತ್ತು. ಗಾಳಿ, ಬಿಸಿಲು, ನೀರು ನೇರವಾಗಿ ಮೈಗೆ ತಾಗಲಿ ಎಂದು ಕೆಲವರು ಊರ ಹೊರಗೆ ಸೇರತೊಡಗಿದರು. 1898ರಲ್ಲಿ ಎಸ್ಸೆನ್ ಪಟ್ಟಣದಲ್ಲಿ ಇವರ ಸಂಘವೊಂದು ಆರಂಭವಾಯಿತು. ಅಲ್ಲಿನ ಫಲಕಗಳಲ್ಲಿ ಎಫ್‌ಕೆಕೆ ಎಂಬ ಮೂರು ಅಕ್ಷರ ಕಂಡರೆ ಇದೇ ಎಂದು ತಿಳಿಯಿರಿ. ‘ಮುಕ್ತ ದೇಹ ಸಂಸ್ಕೃತಿ’ ಎಂದು ಅದರ ಅರ್ಥ. ಫ್ರಾನ್ಸಿನ ಮೊಂತಾಲಿವೆಯಲ್ಲಿ 1950ರಲ್ಲಿ ಇಂತಹ ರಜಾ ಶಿಬಿರ ತೆರೆಯಿತು, 1953ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಅಲ್ಲಿಯೇ ರೂಪುಗೊಂಡಿತು. ಕ್ರೊಯೇಷಿಯಾದ ಇಸ್ಟ್ರಿಯಾ ತೀರದಲ್ಲಿ ವ್ರಸಾರ್ ಊರಿನ ಬಳಿಯ ಕೊವೆರ್ಸಾದಾ 1961ರಿಂದ ನಡೆಯುತ್ತಿದೆ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂದೇ ಜಾಗಕ್ಕೆ ವರ್ಷಾವರ್ಷ ಹೋಗುವ ಜರ್ಮನ್ ಕುಟುಂಬಗಳು ಆ ತೀರದಲ್ಲಿ ಸಾಕಷ್ಟಿವೆ. ನಿಮ್ಮ ಹ್ಯಾಂಬರ್ಗಿನ ಸ್ನೇಹಿತರೂ ಅಂಥವರೇ ಇರಬೇಕು.

ಇದು ಬರೀ ಪರದೇಶದ ಹುಚ್ಚು ಎನ್ನುವವರಿಗೆ ಇನ್ನೊಂದು ಸಂಗತಿ. ಎಸ್ಸೆನ್ನಿಗೂ ಮೊದಲು, 1891ರಲ್ಲಿ, ಇಂಥದ್ದೇ ಒಂದು ಪುಟ್ಟ ಸಂಘ ಮುಂಬಯಿ ಪಕ್ಕದ ಠಾಣೆಯಲ್ಲಿತ್ತು. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಕ್ರಾಫರ್ಡ್ ಎಂಬ ಇಂಗ್ಲಿಷರು ಬೆರಳೆಣಿಕೆಯ ಸದಸ್ಯರೊಂದಿಗೆ ಅದನ್ನು ನಡೆಸಿದ್ದರು.

ಆದರೆ ಒಂದು ವಾದವನ್ನು ನಾನು ಒಪ್ಪುವುದಿಲ್ಲ. ‘ನಮ್ಮಲ್ಲೂ ದಿಗಂಬರ ಮುನಿಗಳಿಲ್ಲವೇ, ವರೂರಿನಲ್ಲಿ, ಲಕ್ಕುಂಡಿಯಲ್ಲಿ ಬೆತ್ತಲೆ ತೀರ್ಥಂಕರರಿಗೆ ಕೈ ಮುಗಿಯುವುದಿಲ್ಲವೇ, ಮತ್ತೇಕೆ ನಾಚಿಕೆ’ ಎಂದು ಹೆಂಡತಿಯನ್ನು ಒಪ್ಪಿಸಲು ನೋಡುವ ಗಂಡಂದಿರು ನನ್ನ ಕಚೇರಿಯಲ್ಲೇ ಕುಳಿತು ಮಾತಾಡಿದ್ದಾರೆ. ಮುನಿಗಳದು ಎಲ್ಲವನ್ನೂ ಬಿಟ್ಟು ನಡೆದ ವೈರಾಗ್ಯ, ಇದು ಒಂದು ವಾರದ ವಿಹಾರ. ಅದನ್ನು ತಂದು ಇದಕ್ಕೆ ಸಾಕ್ಷಿ ಹಾಕುವುದು ಮುನಿಗಳಿಗೂ ಸಲ್ಲದು, ನಿಮಗೂ ಸಲ್ಲದು. ನಿಮ್ಮ ನಾಚಿಕೆ ಅಜ್ಞಾನವಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಹೊಳೆಯಲ್ಲಿ ಮಿಂದರೂ ಸೀರೆ ಸುತ್ತಿಕೊಂಡೇ ಮೀಯುತ್ತಾರೆ. ಬೆಳೆಸಿದ ರೀತಿ ಹಾಗೆ. ಆ ಜರ್ಮನ್ನರು ಬೆಳೆದ ರೀತಿ ಬೇರೆ. ತೊಟ್ಟಿಲಿನಿಂದಲೇ ಅಪ್ಪ ಅಮ್ಮನನ್ನು ಆ ತೀರದಲ್ಲಿ ಹಾಗೆ ನೋಡಿದವರಿಗೆ ಬೆತ್ತಲೆ ಎಂದರೆ ಸ್ನಾನ ಮತ್ತು ಬಿಸಿಲು, ಅಷ್ಟೇ. ನಮ್ಮಲ್ಲಿ ಮೈ ತೆರೆಯುವುದು ಮಲಗುವ ಕೋಣೆಯಲ್ಲಿ ಅಥವಾ ವೈದ್ಯರ ಮುಂದೆ ಮಾತ್ರವಾದ್ದರಿಂದ ಆ ಎರಡೂ ನೆನಪುಗಳು ಒಟ್ಟಿಗೆ ನುಗ್ಗಿ ಬರುತ್ತವೆ. ಎದೆ ಧಸಕ್ಕೆಂದದ್ದು ಅದಕ್ಕೇ.

ಈಗ ನೀವು ಮಾಡಬೇಕಾದ ಮೊದಲ ಕೆಲಸ: ಆ ರೆಸಾರ್ಟ್ ಯಾವ ಬಗೆಯದು ಎಂದು ಖಚಿತಪಡಿಸಿಕೊಳ್ಳುವುದು. ಹೆಸರು ನೋಡಿ ಮೋಸ ಹೋಗುವವರೇ ಹೆಚ್ಚು. ಒಂದು ಬಗೆಯಲ್ಲಿ ಬಟ್ಟೆ ನಿಜಕ್ಕೂ ಅವರವರ ಇಷ್ಟ. ತೊಟ್ಟವರೂ ತೊಡದವರೂ ಒಂದೇ ತೀರದಲ್ಲಿ ಕುಳಿತಿರುತ್ತಾರೆ. ಇನ್ನೊಂದು ನ್ಯಾಚುರಿಸ್ಟ್ ಎನ್ನುವ ಬಗೆ. ಅಲ್ಲಿ ಓಡಾಡುವಾಗ, ಊಟದ ಜಾಗದಲ್ಲಿ ಬಟ್ಟೆ ನಡೆಯುತ್ತದೆ, ಆದರೆ ಈಜುಕೊಳ, ಸೌನಾ, ಕೆಲವೆಡೆ ತೀರದಲ್ಲೂ ಬಟ್ಟೆ ಇರಕೂಡದು ಎಂಬ ನಿಯಮವೇ ಇರುತ್ತದೆ. ಮೂರನೆಯದು ವಯಸ್ಕರಿಗೆ ಮಾತ್ರ ಎಂದು ಬರೆದಿರುವಂಥದ್ದು. ಅವುಗಳಲ್ಲಿ ಶಾಂತವಾದ ಜಾಗಗಳೂ ಇವೆ, ಜೋಡಿಗಳು ಸಂಗಾತಿ ಬದಲಿಸುವ ಉದ್ದೇಶಕ್ಕೇ ಹೋಗುವಂಥವೂ ಇವೆ. ಮಕ್ಕಳಿಗೆ ಪ್ರವೇಶವಿದೆಯೇ ಎಂಬ ಒಂದು ಪ್ರಶ್ನೆ ಮೂರನೆಯದನ್ನು ಬೇರ್ಪಡಿಸುತ್ತದೆ. ‘ಈಜುಕೊಳದಲ್ಲಿ ಮತ್ತು ತೀರದಲ್ಲಿ ಈಜುಡುಗೆ ಧರಿಸಬಹುದೇ?’ ಎಂಬ ಎರಡನೆಯ ಪ್ರಶ್ನೆ ಉಳಿದೆರಡನ್ನು ಬೇರ್ಪಡಿಸುತ್ತದೆ. ರೆಸಾರ್ಟಿಗೆ ನೇರವಾಗಿ ಇಮೇಲ್ ಬರೆದು ಕೇಳಿ. ಇಂತಹ ಪ್ರಶ್ನೆ ಅವರಿಗೆ ಪ್ರತಿದಿನ ಬರುತ್ತದೆ, ಸಂಕೋಚ ಬೇಡ.

ಇನ್ನು ತಲುಪಿದ ದಿನದ ಮಾತು. ಗೇಟಿನಲ್ಲಿ ಯಾರೂ ಬಟ್ಟೆ ಬಿಚ್ಚಿಸುವುದಿಲ್ಲ. ಸ್ವಾಗತ ಕಚೇರಿಯಲ್ಲಿ ಸಿಬ್ಬಂದಿ ಸಮವಸ್ತ್ರದಲ್ಲಿರುತ್ತಾರೆ, ನಿಮ್ಮ ಪಾಸ್‌ಪೋರ್ಟ್ ಪಡೆದು ಹೆಸರು ದಾಖಲಿಸಿಕೊಳ್ಳುತ್ತಾರೆ, ನಕ್ಷೆ ಮತ್ತು ನಿಯಮಗಳ ಹಾಳೆ ಕೊಡುತ್ತಾರೆ, ಬೇರೆ ಯಾವುದೇ ಹೋಟೆಲಿನ ಹಾಗೆ. ‘ನಾವು ಮೊದಲ ಸಲ ಬಂದವರು’ ಎಂದು ಅಲ್ಲೇ ಹೇಳಿಬಿಡಿ. ಎಲ್ಲಿ ಬಟ್ಟೆ ಇರಬಹುದು, ಎಲ್ಲಿ ಇರಬಾರದು ಎಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ಕೋಣೆಗೆ ಹೋಗಿ ಪ್ರಯಾಣದ ದಣಿವು ಕಳೆಯಿರಿ. ಹೊಸಬರು ಮೊದಲ ದಿನ ಬಟ್ಟೆಯಲ್ಲೇ ಒಂದು ಸುತ್ತು ಹಾಕಿ ಬರುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪಾಗುವುದು ಬೇರೆ ಸಂಗತಿ: ಪೂರ್ತಿ ಬಟ್ಟೆ ತೊಟ್ಟು, ಬೆತ್ತಲೆ ಇರುವವರ ಎದುರು ಕುರ್ಚಿ ಹಾಕಿಕೊಂಡು ಗಂಟೆಗಟ್ಟಲೆ ಕೂರುವುದು. ಅದು ಅವರಿಗೆ ತಮಾಷೆ ನೋಡಲು ಬಂದವರ ಹಾಗೆ ಕಾಣುತ್ತದೆ. ಚೂಡಿದಾರದಲ್ಲಿ ಇರಬೇಕೆನಿಸಿದರೆ ನಡೆದಾಡಿ, ಸಮುದ್ರದ ಕಡೆ ಮುಖ ಮಾಡಿ ಕುಳಿತುಕೊಳ್ಳಿ, ಪುಸ್ತಕ ಓದಿ.

ಕಣ್ಣು ಎಲ್ಲಿಡಬೇಕು ಎಂದು ಕೇಳಿದ್ದೀರಿ. ಮುಖದ ಮೇಲೆ. ಮೊದಲ ಇಪ್ಪತ್ತು ನಿಮಿಷ ಕಷ್ಟ, ಆಮೇಲೆ ಕಣ್ಣು ತಾನಾಗಿ ಅಲ್ಲೇ ನಿಲ್ಲುತ್ತದೆ. ಯಾರ ಮೈಯ ಬಗ್ಗೆಯೂ ಮಾತು ಬೇಡ, ಹೊಗಳಿಕೆಯೂ ಬೇಡ. ‘ದಪ್ಪಗಾಗಿದ್ದೀರಿ, ಸೊರಗಿದ್ದೀರಿ’ ಎಂಬ ನಮ್ಮ ಕುಶಲೋಪರಿಯನ್ನು ಆ ಒಂದು ವಾರ ಪೂರ್ತಿ ಮರೆಯಬೇಕು. ಅಲ್ಲಿಗೆ ಬರುವವರಲ್ಲಿ ಐವತ್ತು ದಾಟಿದವರೇ ಹೆಚ್ಚು ಕಾಣುತ್ತಾರೆ: ಹೊಟ್ಟೆ ಜೋತವರು, ಮಂಡಿಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರಿನಿಂದ ಒಂದು ಸ್ತನ ತೆಗೆಸಿಕೊಂಡವರು. ಅಂಥ ಒಬ್ಬ ಹೆಂಗಸು ತೀರದ ಬಂಡೆಯ ಮೇಲೆ ಕುಳಿತು ಮೊಮ್ಮಗನಿಗೆ ಕಲ್ಲಂಗಡಿ ಹೋಳು ಮಾಡಿ ಕೊಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಎದೆಯ ಒಂದು ಬದಿಯಲ್ಲಿ ಉದ್ದನೆಯ ಗೆರೆ, ಅದರ ಮೇಲೆ ಇಳಿದ ಹಣ್ಣಿನ ರಸವನ್ನು ಆಕೆ ಅಂಗೈಯಿಂದ ಒರೆಸಿಕೊಂಡು ಹುಡುಗನ ಜೊತೆ ಮಾತು ಮುಂದುವರಿಸಿದಳು. ನಿಮ್ಮ ಸಿಸೇರಿಯನ್ ಗುರುತನ್ನು ಅಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ.

ಟವೆಲ್ ಅಲ್ಲಿನ ದೊಡ್ಡ ಶಿಷ್ಟಾಚಾರ. ಕುರ್ಚಿ, ಬೆಂಚು, ಸೌನಾದ ಹಲಗೆ, ಎಲ್ಲಿ ಕುಳಿತರೂ ನಿಮ್ಮದೇ ಟವೆಲ್ ಹಾಸಿ ಕೂರಬೇಕು. ಬೆವರು ಮರಕ್ಕೆ ತಾಗಬಾರದು ಎಂಬುದು ಜರ್ಮನ್ನರು ಮಕ್ಕಳಿಗೆ ಮೊದಲು ಕಲಿಸುವ ಸೌನಾ ಪಾಠ. ನಮ್ಮ ತೆಳುವಾದ ಹತ್ತಿ ಪಂಚೆ ನಾಲ್ಕು ಇಟ್ಟುಕೊಳ್ಳಿ. ಅಲ್ಲಿನವರು ಹಣ ಕೊಟ್ಟು ಕೊಳ್ಳುವ ಹೊದಿಕೆಗಿಂತ ಅದು ಚೆನ್ನಾಗಿ ಒಣಗುತ್ತದೆ. ಸುತ್ತಿಕೊಳ್ಳಲು, ಹಾಸಲು, ಊಟದ ಜಾಗಕ್ಕೆ ಹೊದ್ದು ಹೋಗಲು ಆಗುತ್ತದೆ. ಸಂಜೆಯ ಊಟಕ್ಕೆ ಬಹುತೇಕ ಎಲ್ಲರೂ ಬಟ್ಟೆ ತೊಟ್ಟೇ ಬರುತ್ತಾರೆ. ಇಸ್ಟ್ರಿಯಾ ತೀರ ಗೋವಾದ ಹಾಗೆ ಮರಳಲ್ಲ, ಕಲ್ಲುಬಂಡೆ. ಸಂದಿಗಳಲ್ಲಿ ಕರಿ ಮುಳ್ಳಿನ ಉಂಡೆಯಂತಹ ಜೀವಿಗಳು ಅಂಟಿಕೊಂಡಿರುತ್ತವೆ, ತುಳಿದರೆ ಮುಳ್ಳು ಅಂಗಾಲಿನಲ್ಲಿ ಮುರಿಯುತ್ತದೆ. ಮೈಮೇಲೆ ನೂಲೂ ಇಲ್ಲದವರು ಕಾಲಿಗೆ ಮಾತ್ರ ರಬ್ಬರ್ ಚಪ್ಪಲಿ ತೊಟ್ಟೇ ನೀರಿಗಿಳಿಯುತ್ತಾರೆ. ಬಿಸಿಲು ಕಾಣದ ಚರ್ಮ ನಮ್ಮ ಬಣ್ಣದ್ದಾದರೂ ಸುಡುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಿ.

ತಾಳಿ, ಕಾಲುಂಗುರ ತೆಗೆಯಬೇಕಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಸೌನಾದಲ್ಲಿ ಎಚ್ಚರ ಬೇಕು. ಅಲ್ಲಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ, ಲೋಹ ಬೇಗ ಕಾಯುತ್ತದೆ. ಗದಗಿನ ನಿವೃತ್ತ ಶಿಕ್ಷಕಿಯೊಬ್ಬರು ಮಹಿಳೆಯರಿಗೆ ಮಾತ್ರ ಮೀಸಲಾದ ದಿನ ನನ್ನ ಜೊತೆ ಸೌನಾಕ್ಕೆ ಬಂದಿದ್ದರು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಮೈಮೇಲಿನಿಂದ ಲಿಂಗ ಅಗಲಿಸುವ ಮಾತೇ ಇಲ್ಲ ಎಂದರು. ಮೂರು ನಿಮಿಷ ಕಳೆಯುವಷ್ಟರಲ್ಲಿ ಕರಡಿಗೆ ಕಾದು ಎದೆಯ ಮೇಲೆ ಕಾಸಿನಗಲ ಕೆಂಪು ಮೂಡಿತು. ಅಲ್ಲಿನ ಸಿಬ್ಬಂದಿ ಏನೂ ವಾದಿಸದೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ತಂದುಕೊಟ್ಟು, ಶಾಖ ಕಡಿಮೆ ಇರುವ ಕೆಳಗಿನ ಹಲಗೆ ತೋರಿಸಿದರು. ಶಿಕ್ಷಕಿ ಕರಡಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು ಕೆಳಗೆ ಕುಳಿತರು. ತಾಳಿಗೂ ಅದೇ ಉಪಾಯ.

ಮುಟ್ಟಿನ ದಿನಗಳಲ್ಲಿ ಕೆಳಗಿನ ಈಜುಡುಗೆ ತೊಡುವುದನ್ನು ಕಡ್ಡಾಯ ಬೆತ್ತಲೆಯ ಜಾಗಗಳಲ್ಲೂ ಸಾಮಾನ್ಯವಾಗಿ ಒಪ್ಪುತ್ತಾರೆ. ನಿಮ್ಮ ಮನೆಯವರು ಕೇಳಲು ನಾಚಿಕೊಳ್ಳುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಗಂಡಸಿಗೆ ಅಲ್ಲಿ ಉದ್ರೇಕವಾಗಿಬಿಟ್ಟರೆ ಎಂಬ ಭಯ ಎಲ್ಲರಿಗೂ ಇರುತ್ತದೆ, ಆಗುವುದು ಅಪರೂಪ. ಹಾಗೇನಾದರೂ ಆಗಿಬಿಟ್ಟರೆ ಮಗುಚಿ ಮಲಗುವುದು, ಟವೆಲ್ ಹೊದೆಯುವುದು, ಇಲ್ಲವೇ ನೀರಿಗಿಳಿಯುವುದು. ಅದನ್ನು ಪ್ರದರ್ಶಿಸಿದರೆ ಮಾತ್ರ ರೆಸಾರ್ಟಿನಿಂದ ಹೊರಗೆ ಕಳಿಸುತ್ತಾರೆ. ಗಂಡ ಹೆಂಡಿರ ಸರಸಕ್ಕೂ ಇದೇ ನಿಯಮ: ಕೋಣೆಯ ಒಳಗೆ ನಿಮ್ಮಿಷ್ಟ, ಹೊರಗೆ ಕೈ ಹಿಡಿದು ನಡೆಯುವಷ್ಟು ಸಾಕು.

ಫೋಟೊದ ಬಗ್ಗೆ ನಿಮ್ಮ ಭಯವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂತಹ ಜಾಗಗಳಲ್ಲಿ ಕ್ಯಾಮೆರಾ ಕುರಿತ ನಿಯಮ ಎಲ್ಲಕ್ಕಿಂತ ಬಿಗಿ. ಕೆಲವೆಡೆ ಮೊಬೈಲ್ ಕ್ಯಾಮೆರಾದ ಮೇಲೆ ಸ್ಟಿಕರ್ ಅಂಟಿಸುತ್ತಾರೆ, ಕೆಲವೆಡೆ ತೀರಕ್ಕೆ ಮೊಬೈಲ್ ತರುವಂತೆಯೇ ಇಲ್ಲ. ಯಾರಾದರೂ ನಿಮ್ಮತ್ತ ಮೊಬೈಲ್ ಎತ್ತಿದರೆ ತಕ್ಷಣ ಸಿಬ್ಬಂದಿಗೆ ಹೇಳಿ. ನಿಜವಾದ ಅಪಾಯ ನಮ್ಮವರ ಕೈಯಲ್ಲೇ ಇದೆ ಎಂಬುದು ನನ್ನ ಅನುಭವ. ‘ಹಿಂದೆ ಯಾರೂ ಕಾಣುವುದಿಲ್ಲ’ ಎಂದು ತೆಗೆದ ಸೆಲ್ಫಿಯಲ್ಲಿ ಹಿಂದಿನವರು ಕಾಣುತ್ತಾರೆ, ಅದು ಬ್ಯಾಡಗಿಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು, ಹಂಚುವುದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಊರಲ್ಲಿ ಸುದ್ದಿಯಾಗುತ್ತದೆಯೇ ಎಂಬ ಚಿಂತೆಗೂ ಉತ್ತರ ಇಲ್ಲೇ ಇದೆ: ಚಿತ್ರವಿಲ್ಲದಿದ್ದರೆ, ನೀವೇ ಹೇಳದಿದ್ದರೆ, ಹೇಳುವವರು ಯಾರೂ ಇಲ್ಲ. ಅಲ್ಲಿಂದ ಬಂದು ಗೋವಾ, ಗೋಕರ್ಣದಲ್ಲಿ ಹಾಗೆ ಇರಲು ಹೋಗಬೇಡಿ ಎಂದೂ ಮನೆಯವರಿಗೆ ಹೇಳಿ. ಸಾರ್ವಜನಿಕ ಸ್ಥಳದ ಅಶ್ಲೀಲ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲಿದೆ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ರೆಸಾರ್ಟಿನಲ್ಲೇ ಉಳಿದು ಈಜುಡುಗೆಯಲ್ಲಿ ಅಥವಾ ಪಂಚೆ ಸುತ್ತಿಕೊಂಡು ಇರುವುದು ಒಂದು. ರೆಸಾರ್ಟ್ ಮೊದಲ ಬಗೆಯದಾಗಿದ್ದರೆ ಇದಕ್ಕೆ ಅಡ್ಡಿಯಿಲ್ಲ. ಆದರೆ ದಿನವಿಡೀ ಬೆತ್ತಲೆಯವರ ನಡುವೆ ಇರುವುದೇ ನಿಮಗೆ ಭಾರವಾದರೆ ಏಳು ದಿನ ಬಹಳ ಉದ್ದ, ನಡುವೆ ಎದ್ದು ಬಂದರೆ ಕಟ್ಟಿದ ಹಣ ಹೋಗುತ್ತದೆ. ನನಗೆ ಹೆಚ್ಚು ಹಿಡಿಸುವುದು ಎರಡನೆಯ ದಾರಿ. ಹತ್ತಿರದ ಊರಿನಲ್ಲಿ ಸಾಮಾನ್ಯ ಹೋಟೆಲ್ ಹಿಡಿದು, ಸಂಜೆ ಅವರ ಜೊತೆ ಊಟ, ಒಂದು ದಿನ ದೋಣಿ ವಿಹಾರ, ಒಂದು ದಿನ ಪುಲಾ ಪಟ್ಟಣದ ರೋಮನ್ ಬಯಲು ರಂಗಮಂದಿರ. ಮನಸ್ಸು ಬಂದರೆ ಒಂದು ಮಧ್ಯಾಹ್ನ ಮಾತ್ರ ಅವರ ತೀರಕ್ಕೆ ಹೋಗಿ ಬನ್ನಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಹಗಲು ಅವರಿಂದ ದೂರವಿರುತ್ತೀರಿ. ಆದರೂ ನಿಮಗೂ ಮನೆಯವರಿಗೂ ಮನಸ್ಸು ಬದಲಿಸಲು ಜಾಗ ಉಳಿಯುತ್ತದೆ. ಮನೆಯವರಿಗೆ ಬೇಕು, ನಿಮಗೆ ಬೇಡ ಎಂದಾದರೆ ಅವರೊಬ್ಬರೇ ಆ ಮಧ್ಯಾಹ್ನ ಹೋಗಿ ಬರಬಹುದೇ ಎಂಬುದನ್ನೂ ಬ್ಯಾಡಗಿಯಲ್ಲೇ ಮಾತಾಡಿಕೊಳ್ಳಿ. ಅದಕ್ಕೆ ನಿಮ್ಮ ಮನಸ್ಸು ಒಪ್ಪದಿದ್ದರೆ ಹಾಗೆಂದೇ ಹೇಳಿ. ಅಲ್ಲಿಗೆ ಹೋದ ಮೇಲೆ ಹುಟ್ಟುವ ಮುನಿಸಿಗೆ ಮದ್ದಿಲ್ಲ.

ಮಗಳ ವಿಷಯದಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ: ಆ ರೆಸಾರ್ಟಿನಲ್ಲಿ ಅವಳನ್ನು ಉಳಿಸಬೇಡಿ. ಅಲ್ಲಿ ಅವಳಿಗೆ ಕೇಡಾಗುತ್ತದೆ ಎಂದಲ್ಲ. ಹದಿನಾರರಲ್ಲಿ ತನ್ನ ಮೈಯನ್ನೇ ಕನ್ನಡಿಯಲ್ಲಿ ನೋಡಲು ಮುಜುಗರಪಡುವ ವಯಸ್ಸಿದು. ಅಪ್ಪ ಅಮ್ಮ ಹಾಗೂ ಮನೆಗೆ ಬಂದು ರೊಟ್ಟಿ ತಿಂದು ಹೋದ ಅಂಕಲ್ ಆಂಟಿಯನ್ನು ಒಮ್ಮೆಲೇ ಹಾಗೆ ನೋಡುವುದು ಬೆಳೆದ ರೀತಿಗೆ ಬಹಳ ದೂರದ ನೆಗೆತ. ಬೇಡ ಎನ್ನಲು ಅವಳಿಗೆ ನಿಮಗಿಂತಲೂ ಕಡಿಮೆ ಅವಕಾಶವಿದೆ.

ಕೊನೆಗೆ ವ್ಯಾಪಾರದ ಮಾತು. ನಮ್ಮ ಕಡೆ ‘ನೋಡೋಣ’ ಎಂದರೆ ಅರ್ಧ ‘ಬೇಡ’ ಎಂದೇ ಅರ್ಥ, ಕೇಳಿದವರೂ ತಿಳಿದು ಸುಮ್ಮನಾಗುತ್ತಾರೆ. ಜರ್ಮನ್ನರಿಗೆ ಅದು ತಿಳಿಯುವುದಿಲ್ಲ. ನಿಮ್ಮ ಮನೆಯವರು ಅವರಿಗೂ ‘ನೋಡೋಣ’ ಎಂದಿದ್ದರೆ ಅದು ಅವರ ಕಿವಿಗೆ ‘ಬರುತ್ತೇವೆ’ ಎಂದೇ ಬಿದ್ದಿರುತ್ತದೆ. ಅವರು ಕೋಣೆ ಕಾಯ್ದಿರಿಸಿರಬಹುದು. ನಾನು ಕಂಡ ಜರ್ಮನ್ನರು ನೇರವಾದ ‘ಬೇಡ’ವನ್ನು ಅವಮಾನವೆಂದು ಎಣಿಸಿದ್ದು ನೆನಪಿಲ್ಲ. ಒಪ್ಪಿಕೊಂಡು ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡರೆ ಮಾತ್ರ ಬಹಳ ದಿನ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹೇಳಿದ ದರಕ್ಕೆ ನಿಲ್ಲುವವನಿಗೆ ಮರುವರ್ಷ ಮಾಲು ಬರುವ ಹಾಗೆಯೇ ಇದು.

ಮನೆಯವರಿಂದ ಹೀಗೆ ಬರೆಸಿ: ‘ನಿಮ್ಮ ಆಹ್ವಾನದಿಂದ ಸಂತೋಷವಾಗಿದೆ. ನಿಮ್ಮ ಜೊತೆ ಒಂದು ವಾರ ಕಳೆಯಲು ಬರುತ್ತೇವೆ. ನಮ್ಮ ಕಡೆ ಬಟ್ಟೆಯಿಲ್ಲದೆ ಇರುವ ರೂಢಿಯಿಲ್ಲ, ಆದ್ದರಿಂದ ನಾವು ಪಕ್ಕದ ಊರಿನ ಹೋಟೆಲಿನಲ್ಲಿ ಉಳಿಯುತ್ತೇವೆ. ನಿಮ್ಮ ರೂಢಿಯ ಬಗ್ಗೆ ನಮಗೆ ಗೌರವವಿದೆ. ಸಂಜೆಗಳನ್ನು ಒಟ್ಟಿಗೆ ಕಳೆಯೋಣ.’ ಕಳಿಸುವ ಮೊದಲು ನೀವಿಬ್ಬರೂ ಒಮ್ಮೆ ಗಟ್ಟಿಯಾಗಿ ಓದಿ. ಒಂದು ಸಾಲು ನಿಮ್ಮ ಮನಸ್ಸಿನದಲ್ಲ ಎನಿಸಿದರೂ ಬದಲಿಸಿ. ಇದನ್ನು ಮುಂದೂಡಬೇಡಿ. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಕನಿಷ್ಠ ಹದಿನೈದು ದಿನ ಮುಂಚೆಯಾದರೂ ಸಲ್ಲಿಸಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯ ಜೊತೆಗೆ ಎಲ್ಲಿ ಉಳಿಯುತ್ತೀರಿ ಎಂಬ ದಾಖಲೆಯನ್ನೂ ಕೇಳುತ್ತಾರೆ. ಆ ಖಾನೆಯಲ್ಲಿ ರೆಸಾರ್ಟಿನ ಹೆಸರು ಬರೆಯಬೇಕೋ ಹೋಟೆಲಿನದೋ ಎಂಬುದನ್ನು ಅರ್ಜಿ ತುಂಬುವ ಮೊದಲೇ ನೀವಿಬ್ಬರೂ ತೀರ್ಮಾನಿಸಿರಬೇಕು.